ನಾಯಿಮರಿಗೆ ಪಾಠ ಯಾರು ಹೇಳಬೇಕು: ನೀವೋ, ಮನೆಗೆ ಬರುವ ಟ್ರೇನರೋ, ಬೋರ್ಡಿಂಗೋ?

ಮರಿ ಮನೆಗೆ ಬಂದ ಮೊದಲ ವಾರ ಫೋಟೋ ತೆಗೆಯುವುದರಲ್ಲೇ ಕಳೆಯುತ್ತದೆ. ಎರಡನೇ ವಾರದ ಹೊತ್ತಿಗೆ ಹವಾಯಿ ಚಪ್ಪಲಿಯ ಉಂಗುಷ್ಟ ಹೋಗಿರುತ್ತದೆ, ಸೋಫಾದ ಮೂಲೆಯಲ್ಲಿ ಉಚ್ಚೆಯ ವಾಸನೆ ನಿಂತಿರುತ್ತದೆ, ಮಕ್ಕಳು ಕಾಲು ಮೇಲೆತ್ತಿಕೊಂಡೇ ಟೀವಿ ನೋಡುತ್ತಿರುತ್ತಾರೆ. ಆಗ ಮನೆಯಲ್ಲಿ ಯಾರಾದರೊಬ್ಬರು 'ಇದನ್ನ ಟ್ರೇನಿಂಗಿಗೆ ಹಾಕಬೇಕಪ್ಪಾ' ಅನ್ನುತ್ತಾರೆ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ಸಂಜೆಯೊಳಗೆ ನಾಲ್ಕೈದು ನಂಬರು ಬಂದು ಬೀಳುತ್ತವೆ. ಒಬ್ಬರು ಮನೆಗೇ ಬಂದು ಕಲಿಸುತ್ತಾರೆ. ಇನ್ನೊಬ್ಬರು ಊರಾಚೆಯ ಫಾರ್ಮಿಗೆ ಒಯ್ದು, ತಿಂಗಳು ಬಿಟ್ಟು 'ರೆಡಿ' ಮಾಡಿ ತಂದುಕೊಡುತ್ತಾರೆ. ಮತ್ತೊಬ್ಬರದು ಭಾನುವಾರದ ಗುಂಪು ಪಾಠ. ಪಕ್ಕದ ಮನೆಯವರು ಮಾತ್ರ 'ಯೂಟ್ಯೂಬ್ ನೋಡಿ ನೀವೇ ಕಲಿಸ್ರೀ, ದುಡ್ಡು ಯಾಕೆ ದಂಡ' ಅನ್ನುತ್ತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನ ಮನೆಗಳಿಗೆ ಸರಿಹೊಂದುವುದು ಮನೆಯವರೇ ಕಲಿಸುವುದು, ಜೊತೆಗೆ ಮನೆಯವರಿಗೆ ಕಲಿಸಬಲ್ಲ ಟ್ರೇನರನ್ನು ಆಗಾಗ ಕರೆಸುವುದು. ದುಡ್ಡು ಖರ್ಚು ಮಾಡುವುದಾದರೆ ಅದು ನೀವು ಕಲಿಯುವುದಕ್ಕೆ ಹೋಗಲಿ. ನಾಯಿಯನ್ನು ಫಾರ್ಮಿನಲ್ಲೇ ಬಿಟ್ಟು ಕಲಿಸುವ ಬೋರ್ಡಿಂಗ್ ಟ್ರೇನಿಂಗ್ ನನ್ನ ಪಟ್ಟಿಯಲ್ಲಿ ಕಟ್ಟಕಡೆಗೆ ಬರುತ್ತದೆ. ಯಾಕೆ ಅಂತ ಹೇಳಬೇಕಾದರೆ ನಾಯಿ ಹೇಗೆ ಕಲಿಯುತ್ತದೆ ಎನ್ನುವುದರಿಂದ ಶುರು ಮಾಡಬೇಕು.

ನಾಯಿಗೆ ಕಾರಣ, ಉಪದೇಶ ಯಾವುದೂ ತಲುಪುವುದಿಲ್ಲ. ತಾನು ಮಾಡಿದ ಕೆಲಸದ ಬೆನ್ನಿಗೇ, ಅಂದರೆ ಒಂದೆರಡು ಸೆಕೆಂಡಿನೊಳಗೆ, ಏನಾಯಿತು ಎನ್ನುವುದು ಅದಕ್ಕೆ ಮುಖ್ಯ. ಒಳ್ಳೆಯದಾದರೆ ಆ ಕೆಲಸ ಮತ್ತೆ ಮಾಡುತ್ತದೆ, ಏನೂ ಆಗದಿದ್ದರೆ ನಿಧಾನಕ್ಕೆ ಬಿಡುತ್ತದೆ. ನೀವು ಆಫೀಸಿನಿಂದ ಬಂದು, ಮಧ್ಯಾಹ್ನ ಹರಿದುಹಾಕಿದ ದಿಂಬು ತೋರಿಸಿ ಬೈದರೆ ಅದು ಕಲಿಯುವುದು ಒಂದೇ: ಸಂಜೆ ಬಾಗಿಲು ತೆರೆದಾಗ ಈ ಮನುಷ್ಯ ಸಿಡುಕುತ್ತಾನೆ. ಕಿವಿ ಮಡಚಿ ಮುದುರಿ ಕೂತದ್ದನ್ನು ನೋಡಿ 'ತಪ್ಪು ಗೊತ್ತಾಯ್ತು ನೋಡು' ಅಂದುಕೊಳ್ಳುತ್ತೇವೆ. ಗೊತ್ತಾದದ್ದು ನಿಮ್ಮ ಸಿಟ್ಟು ಮಾತ್ರ.

ಎರಡನೆಯದು ಇನ್ನೂ ಮುಖ್ಯ. ಒಂದು ಜಾಗದಲ್ಲಿ, ಒಬ್ಬರ ಹತ್ತಿರ ಕಲಿತದ್ದನ್ನು ನಾಯಿ ತಾನಾಗಿ ಇನ್ನೊಂದು ಜಾಗಕ್ಕೆ, ಇನ್ನೊಬ್ಬರಿಗೆ ಒಯ್ಯುವುದು ಕಡಿಮೆ. ಅಡುಗೆಮನೆಯಲ್ಲಿ ಚಕ್ಕನೆ ಕೂರುವ ಮರಿ ಲಿಫ್ಟಿನ ಮುಂದೆ ಕೂರುವುದಿಲ್ಲ. ಅಪ್ಪನ ಜೊತೆ ನೆಟ್ಟಗೆ ನಡೆಯುವ ನಾಯಿ ಅಜ್ಜಿಯನ್ನು ಗೇಟಿನವರೆಗೆ ಎಳೆದುಕೊಂಡು ಹೋಗುತ್ತದೆ. ಯಾವ ದಾರಿ ಆರಿಸಿಕೊಂಡರೂ ಇದನ್ನು ಎದುರಿಸಲೇಬೇಕು.

ನೀವೇ ಕಲಿಸುವುದು

ಇದಕ್ಕೆ ಬೇಕಾದದ್ದು ದಿನಕ್ಕೆ ಸುಮಾರು ಕಾಲು ಗಂಟೆ, ಅದೂ ಒಂದೇ ಸಲ ಅಲ್ಲ. ಬೆಳಗ್ಗೆ ಐದು ನಿಮಿಷ, ಸಂಜೆ ಐದು, ಊಟಕ್ಕೆ ಮುಂಚೆ ಐದು. ಮರಿಯ ಗಮನ ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ 'ನನಗೆ ಬರುತ್ತಾ' ಎನ್ನುವುದಲ್ಲ, 'ಈ ಹದಿನೈದು ನಿಮಿಷ ದಿನಾ ಯಾರು ಕೊಡುತ್ತಾರೆ' ಎನ್ನುವುದು. 'ಎಲ್ಲರೂ ಸೇರಿ ನೋಡ್ಕೋತೀವಿ' ಅಂದರೆ ಯಾರೂ ಇಲ್ಲ ಅಂತಲೇ ಅರ್ಥ. ಒಬ್ಬರ ಹೆಸರು ಬರೆದಿಡಿ.

ಕೂರುವುದನ್ನು ಕಲಿಸುವ ಬಗೆ ನೋಡಿ. ಕಡಲೆಕಾಳಿನಷ್ಟು ಚಿಕ್ಕ ತಿನಿಸಿನ ಚೂರನ್ನು ಬೆರಳ ತುದಿಯಲ್ಲಿ ಹಿಡಿದು ಮರಿಯ ಮೂಗಿಗೆ ಹತ್ತಿರ ತನ್ನಿ. ಮೂಗು ಚೂರಿಗೆ ಅಂಟಿಕೊಂಡ ಮೇಲೆ ಕೈಯನ್ನು ನಿಧಾನಕ್ಕೆ ಅದರ ನೆತ್ತಿಯ ಮೇಲೆ ಹಿಂದಕ್ಕೆ ಸರಿಸಿ. ತಲೆ ಮೇಲಾದಂತೆ ಹಿಂಭಾಗ ತಾನಾಗಿ ಕೆಳಗಿಳಿಯುತ್ತದೆ. ಅಂಡು ನೆಲಕ್ಕೆ ತಾಗಿದ ಆ ಕ್ಷಣವೇ 'ಹ್ಞಾಂ!' ಅನ್ನಿ, ಚೂರು ಬಾಯಿಗೆ ಕೊಡಿ. ಕೈ ತುಂಬಾ ಎತ್ತರ ಹೋದರೆ ಮರಿ ಹಾರುತ್ತದೆ, ಬೇಗ ಸರಿಸಿದರೆ ಹಿಂದಕ್ಕೆ ಹೆಜ್ಜೆ ಹಾಕುತ್ತದೆ. ಹಿಂದೆ ಗೋಡೆ ಇರುವ ಕಡೆ ಶುರು ಮಾಡಿದರೆ ಆ ಕಷ್ಟ ಇಲ್ಲ. ಸೊಂಟ ಹಿಡಿದು ಅದುಮಿ ಕೂರಿಸಬೇಡಿ. ಮರಿಯ ಮೂಳೆ, ಕೀಲು ಇನ್ನೂ ಎಳಸು, ಸಾಲದ್ದಕ್ಕೆ ಅದುಮಿದರೆ ಅದು ಕಲಿಯುವುದು ಎದುರು ಒತ್ತುವುದನ್ನು. ಕೈಯ ಸನ್ನೆಗೆ ಕೂರುವುದು ಗಟ್ಟಿಯಾದ ಮೇಲೆ ಮಾತು ಸೇರಿಸಿ, ಮೊದಲು ಮಾತು ಆಮೇಲೆ ಸನ್ನೆ. ಆಮೇಲೆ ಕೈ ಖಾಲಿ ಇಟ್ಟು ಸನ್ನೆ ಮಾಡಿ, ಬಹುಮಾನ ಇನ್ನೊಂದು ಕೈಯಿಂದ ಕೊಡಿ. ಈ ಕೊನೆಯ ಹಂತ ಬಿಟ್ಟರೆ ತಿನಿಸು ಕಂಡಾಗ ಮಾತ್ರ ಕೂರುವ ನಾಯಿ ತಯಾರಾಗುತ್ತದೆ, ಆಮೇಲೆ ಜನ 'ಈ ತಿನಿಸಿನ ವಿಧಾನವೇ ಸರಿಯಿಲ್ಲ' ಅನ್ನುತ್ತಾರೆ.

ಯಾವ ಮಾತು ಬಳಸಬೇಕು? ಕನ್ನಡ, ಇಂಗ್ಲಿಷ್, ತುಳು, ಯಾವುದಾದರೂ ಸರಿ, ಆದರೆ ಮನೆಗೆಲ್ಲ ಒಂದೇ. ಅಜ್ಜಿ 'ಕೂರು' ಅಂದು, ಅಮ್ಮ 'ಕೂತ್ಕೋ' ಅಂದು, ಮಗ 'ಸಿಟ್ ಸಿಟ್ ಸಿಟ್' ಅಂತ ಮೂರು ಸಲ ಕೂಗಿದರೆ ಮರಿಗೆ ಅದು ಬರೀ ಸದ್ದು. ಫ್ರಿಜ್ಜಿನ ಬಾಗಿಲ ಮೇಲೆ ಐದಾರು ಪದ ಬರೆದು ಅಂಟಿಸಿ. ಮನೆಗೆಲಸಕ್ಕೆ ಬರುವವರಿಗೂ ತೋರಿಸಿ. ಎಷ್ಟೋ ಮನೆಗಳಲ್ಲಿ ನಾಯಿಯ ಜೊತೆ ಹಗಲೆಲ್ಲ ಇರುವವರು ಅವರೇ.

ಬಹುಮಾನಕ್ಕೆ ಅಂಗಡಿಯ ಪೊಟ್ಟಣವೇ ಬೇಕೆಂದಿಲ್ಲ. ಬೇಯಿಸಿದ ಕೋಳಿಯ ಲಿವರ್ ಮುಂದೆ ಯಾವ ಬ್ರ್ಯಾಂಡೂ ನಿಲ್ಲುವುದಿಲ್ಲ, ಆದರೆ ಚೂರು ಚಿಕ್ಕದಿರಲಿ, ಹೆಚ್ಚಾದರೆ ಹೊಟ್ಟೆ ಕೆಡುತ್ತದೆ. ಮಾಂಸ ತರದ ಮನೆಯಲ್ಲಿ ಪನೀರು, ಬೇಯಿಸಿದ ಗೆಣಸು, ಕ್ಯಾರೆಟ್, ಉಪ್ಪಿಲ್ಲದ ಹುರಿದ ಕಡಲೆಕಾಯಿ ಬೀಜ ನಡೆಯುತ್ತವೆ. ಒಣದ್ರಾಕ್ಷಿ, ದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟು, ಸಕ್ಕರೆಯ ಬದಲು ಹಾಕುವ ಕ್ಸಿಲಿಟಾಲ್ ಇರುವ ಚೂಯಿಂಗ್ ಗಮ್ ಮಾತ್ರ ಬೇಡವೇ ಬೇಡ. ಹಬ್ಬದ ದಿನ ಪಾಯಸದ ಬಟ್ಟಲು ನೆಕ್ಕಿಸುವ ಅಜ್ಜಂದಿರಿಗೆ ಒಣದ್ರಾಕ್ಷಿಯಿಂದ ನಾಯಿಯ ಕಿಡ್ನಿ ಕೆಡಬಹುದು ಅಂತ ಬಿಡಿಸಿ ಹೇಳಬೇಕು. ತರಬೇತಿಯಲ್ಲಿ ಕೊಟ್ಟದ್ದನ್ನು ಊಟದ ಲೆಕ್ಕದಿಂದ ಕಳೆಯಿರಿ.

ಖರ್ಚಿಲ್ಲ, ನಾಯಿ ನಿಮ್ಮ ಮಾತನ್ನೇ ಕಲಿಯುತ್ತದೆ, ನಿಮ್ಮ ಮನೆಯಲ್ಲೇ ಕಲಿಯುತ್ತದೆ. ಇವು ಈ ದಾರಿಯ ಲಾಭ. ನಷ್ಟವೆಂದರೆ ನೀವು ಮಾಡುತ್ತಿರುವುದು ತಪ್ಪಾದರೆ ಹೇಳುವವರಿಲ್ಲ. ಹೊತ್ತಲ್ಲದ ಹೊತ್ತಿಗೆ ಕೊಟ್ಟ ಬಹುಮಾನ ಬೊಗಳುವುದನ್ನೇ ಕಲಿಸಿಬಿಡಬಹುದು. ಇಂಟರ್ನೆಟ್ಟಿನ ವಿಡಿಯೋಗಳಂತೂ ಸಂತೆ. ಒಂದರಲ್ಲಿ ತಿನಿಸು ಕೊಡಿ ಅನ್ನುತ್ತಾರೆ, ಮುಂದಿನದರಲ್ಲಿ ಕತ್ತು ಹಿಡಿದು ನೆಲಕ್ಕೆ ಒತ್ತಿ ಅನ್ನುತ್ತಾರೆ.

ಮನೆಗೆ ಬರುವ ಟ್ರೇನರ್

ಈ ಹೆಸರಿನಡಿ ಎರಡು ಬೇರೆ ಬೇರೆ ಸೇವೆಗಳಿವೆ, ಆರಿಸುವಾಗ ಮೋಸ ಹೋಗುವುದು ಇಲ್ಲೇ. ಮೊದಲನೆಯವರು ಬಂದು ಬೆಲ್ ಒತ್ತುತ್ತಾರೆ, ನಾಯಿಯನ್ನು ಕೆಳಗೆ ಕರೆದುಕೊಂಡು ಹೋಗುತ್ತಾರೆ, ಮುಕ್ಕಾಲು ಗಂಟೆ ಬಿಟ್ಟು ವಾಪಸ್ ತಂದು ಬಿಡುತ್ತಾರೆ. ತಿಂಗಳ ಕೊನೆಗೆ ನಾಯಿ ಅವರ ಮುಂದೆ ಕೂರುತ್ತದೆ, ಮಲಗುತ್ತದೆ, ಕೈ ಕೊಡುತ್ತದೆ. ನಿಮ್ಮ ಮುಂದೆ ಅದೇ ಹಳೆಯ ಕುಣಿತ. ಎರಡನೆಯವರು ನಿಮ್ಮನ್ನು ಎದುರಿಗೆ ಕೂರಿಸಿಕೊಂಡು ನಾಯಿಯ ಪಟ್ಟಿ ನಿಮ್ಮ ಕೈಗೆ ಕೊಟ್ಟು 'ನೀವು ಮಾಡಿ, ನಾನು ನೋಡ್ತೀನಿ' ಅನ್ನುತ್ತಾರೆ. ಮುಂದಿನ ಸಲ ಬರುವಷ್ಟರಲ್ಲಿ ಮಾಡಿಡಲು ಮನೆಪಾಠ ಕೊಡುತ್ತಾರೆ. ಮೊದಲನೆಯವರಿಗೆ ದಿನಾ ದುಡ್ಡು ಕೊಡುವುದಕ್ಕಿಂತ ಎರಡನೆಯವರಿಗೆ ವಾರಕ್ಕೊಮ್ಮೆ ಹೆಚ್ಚು ದರ ಕೊಡುವುದು ಮೇಲು. ನಮ್ಮ ಊರುಗಳಲ್ಲಿ ಮೊದಲನೆಯ ಬಗೆಯೇ ಜಾಸ್ತಿ, ಯಾಕೆಂದರೆ ಗಿರಾಕಿಗಳು ಕೇಳುವುದೂ ಅದನ್ನೇ.

ನಮ್ಮ ದೇಶದಲ್ಲಿ ನಾಯಿ ಟ್ರೇನರ್ ಆಗಲು ಸರ್ಕಾರದ ಲೈಸೆನ್ಸ್ ಬೇಕಿಲ್ಲ. ಬೋರ್ಡು ಹಾಕಿದವರೆಲ್ಲ ಟ್ರೇನರೇ. ಆದ್ದರಿಂದ ಪರೀಕ್ಷೆ ನೀವೇ ಮಾಡಬೇಕು. ಕೇಳಬೇಕಾದ ಪ್ರಶ್ನೆ ಒಂದೇ: 'ನಾಯಿ ಹೇಳಿದ ಮಾತು ಕೇಳದಿದ್ದರೆ ಏನು ಮಾಡ್ತೀರಿ?' ಒಳ್ಳೆಯವರು ಪಾಠವನ್ನು ಇನ್ನೂ ಸುಲಭ ಮಾಡುತ್ತೇನೆ, ಸದ್ದುಗದ್ದಲದಿಂದ ದೂರ ಹೋಗುತ್ತೇನೆ, ಬಹುಮಾನ ಬದಲಿಸಿ ನೋಡುತ್ತೇನೆ ಅನ್ನುತ್ತಾರೆ. 'ಯಾರು ಬಾಸ್ ಅಂತ ತೋರಿಸಬೇಕು' ಅಂದರೆ ಕಾಫಿ ಕೊಟ್ಟು ಕಳಿಸಿಬಿಡಿ.

ಈ 'ಬಾಸ್' ಮಾತಿನ ಮೂಲ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿದೆ. ಅಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ ರುಡಾಲ್ಫ್ ಶೆಂಕೆಲ್ 1947ರಲ್ಲಿ ಬರೆದ ವರದಿಯಿಂದ, ಗುಂಪಿನ ಮೇಲೆ ಕಚ್ಚಾಡಿ ಯಜಮಾನಿಕೆ ಪಡೆಯುವ 'ಆಲ್ಫಾ' ತೋಳದ ಕಲ್ಪನೆ ಹಬ್ಬಿತು. ಕಾಡಿನಲ್ಲಿ ತೋಳಗಳ ಹಿಂದೆ ವರ್ಷಗಟ್ಟಲೆ ಅಲೆದ ಅಮೆರಿಕದ ಡೇವಿಡ್ ಮೆಕ್ ಒಂದು ಕಾಲಕ್ಕೆ ತಾವೂ ಅದನ್ನೇ ಹೇಳಿದ್ದವರು. 1999ರ ಪ್ರಬಂಧದಲ್ಲಿ ಅವರೇ ಅದನ್ನು ತಿದ್ದಿದರು: ಕಾಡಿನ ತೋಳದ ಗುಂಪು ಬಹುಪಾಲು ಅಪ್ಪ, ಅಮ್ಮ, ಮಕ್ಕಳಿರುವ ಒಂದು ಸಂಸಾರ, ಅಲ್ಲಿ ಯಜಮಾನಿಕೆಗಾಗಿ ದಿನನಿತ್ಯದ ಕಾಳಗವಿಲ್ಲ. ತೋಳದ ಬಗ್ಗೆಯೇ ಸುಳ್ಳಾದ ಮಾತನ್ನು ನಮ್ಮ ಪಮೇರಿಯನ್ ಮೇಲೆ ಪ್ರಯೋಗಿಸುವುದು ಯಾವ ನ್ಯಾಯ?

ಟ್ರೇನರರ ಚೀಲದಲ್ಲಿ ಏನಿದೆ ನೋಡಿ. ಎಳೆದಷ್ಟೂ ಕುತ್ತಿಗೆಗೆ ಬಿಗಿಯುವ ಚೋಕ್ ಚೈನ್, ಒಳಮುಖಕ್ಕೆ ಮೊಳೆಗಳಿರುವ ಪ್ರಾಂಗ್ ಕಾಲರ್, ರಿಮೋಟಿನ ಶಾಕ್ ಕಾಲರ್ ಕಂಡರೆ ಅಲ್ಲಿಗೇ ನಿಲ್ಲಿಸಿ. ಶಾಕ್ ಕಾಲರನ್ನು ವೇಲ್ಸ್ 2010ರಲ್ಲೇ ನಿಷೇಧಿಸಿದೆ. ಅಮೆರಿಕದ ಪಶುವೈದ್ಯ ವರ್ತನಾತಜ್ಞರ ಸಂಘ 2021ರಲ್ಲಿ ಎಲ್ಲ ನಾಯಿಗಳಿಗೂ, ಆಕ್ರಮಣ ಮಾಡುವ ನಾಯಿಗಳಿಗೂ ಸಹ, ಬಹುಮಾನದ ವಿಧಾನವನ್ನೇ ಬಳಸಬೇಕೆಂದು ಹೇಳಿತು. ಇದು ಬರೀ ಕರುಣೆಯ ಮಾತಲ್ಲ. ನೋವಿಗೆ ಹೆದರಿ ಗುರ್ ಅನ್ನುವುದನ್ನು ಬಿಟ್ಟ ನಾಯಿ ಮುಂದೊಂದು ದಿನ ಎಚ್ಚರಿಕೆ ಕೊಡದೆ ನೇರ ಕಚ್ಚುತ್ತದೆ. ಗುರ್ ಎನ್ನುವುದನ್ನು ಅಡಗಿಸಬಾರದು; ಅದರ ಕಾರಣ ಹುಡುಕಬೇಕು.

ನಮ್ಮಲ್ಲೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಇದೆ. ಹೊಡೆಯುವುದಷ್ಟೇ ಅಲ್ಲ, ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟಿಹಾಕುವುದು, ಸದಾ ಕಟ್ಟಿಯೇ ಇಟ್ಟ ನಾಯಿಗೆ ಓಡಾಟ ಕೊಡದಿರುವುದು ಕೂಡ ಅದರಡಿ ಅಪರಾಧ. ಮೊದಲ ಸಲದ ದಂಡ ಹತ್ತರಿಂದ ಐವತ್ತು ರೂಪಾಯಿ! ಇಂದಿರಾನಗರದಲ್ಲಿ ಒಂದು ಕಾಫಿಗೂ ಸಾಲದ ಮೊತ್ತ.

ಬೋರ್ಡಿಂಗ್

'ಮೂವತ್ತು ದಿನದಲ್ಲಿ ಪೂರ್ತಿ ತರಬೇತಾದ ನಾಯಿ' ಅನ್ನುವ ಜಾಹೀರಾತಿನ ಆಕರ್ಷಣೆ ಅರ್ಥವಾಗುವಂಥದ್ದೇ. ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ಮಗುವಿಗೆ ಪರೀಕ್ಷೆ, ಕೆಳಗಿನ ಫ್ಲಾಟಿನವರ ದೂರು. ನಾಲ್ಕು ಪಟ್ಟು ದುಡ್ಡಾದರೂ ಪರವಾಗಿಲ್ಲ, ಯಾರಾದರೂ ಮಾಡಿಕೊಟ್ಟರೆ ಸಾಕು ಅನ್ನಿಸುತ್ತದೆ.

ಆದರೆ ಪೊಲೀಸರನ್ನು ನೋಡಿ. ಬೆಂಗಳೂರಿನ ಆಡುಗೋಡಿಯ ಶ್ವಾನದಳವೇ ಇರಲಿ, ಗ್ವಾಲಿಯರ್ ಹತ್ತಿರದ ಟೇಕನ್‌ಪುರದಲ್ಲಿ ಗಡಿ ಭದ್ರತಾ ಪಡೆ ನಡೆಸುವ ರಾಷ್ಟ್ರೀಯ ಶ್ವಾನ ತರಬೇತಿ ಕೇಂದ್ರವೇ ಇರಲಿ, ನಾಯಿ ಒಂದನ್ನೇ ಕಲಿಸಿ ಯಾರದೋ ಕೈಗೆ ಕೊಡುವ ಪದ್ಧತಿ ಇಲ್ಲ. ನಾಯಿಯನ್ನು ನೋಡಿಕೊಳ್ಳುವ ಹ್ಯಾಂಡ್ಲರ್ ಅದರ ಜೊತೆಯಲ್ಲೇ ತಿಂಗಳುಗಟ್ಟಲೆ ಕಲಿಯುತ್ತಾರೆ. ಅದೇ ಕಸುಬಿನವರು ಮಾಡದ್ದನ್ನು ನಾವು ಒಂದು ಫಾರ್ಮಿಗೆ ದುಡ್ಡು ಕಟ್ಟಿ ಮಾಡಿಸಿಬಿಡುತ್ತೇವೆ ಅಂದುಕೊಳ್ಳುತ್ತೇವೆ.

ಬೋರ್ಡಿಂಗಿನಲ್ಲಿ ನಾಯಿ ಏನೂ ಕಲಿಯುವುದಿಲ್ಲ ಅಂತಲ್ಲ. ಅಲ್ಲಿ, ಆ ಮನುಷ್ಯನ ಹತ್ತಿರ, ಆ ದಿನಚರಿಗೆ ಕಲಿಯುತ್ತದೆ. ನಿಮ್ಮ ಮನೆಗೆ ಬಂದಾಗ ಎಲ್ಲ ಬೇರೆ. ಮನೆಯವರು ಹೊಸ ಶಿಸ್ತನ್ನು ಮುಂದುವರಿಸಿದರೆ ಉಳಿಯುತ್ತದೆ, ಇಲ್ಲದಿದ್ದರೆ ಕೆಲವೇ ವಾರಗಳಲ್ಲಿ ಮೊದಲಿನ ಸ್ಥಿತಿ. ಅಂದರೆ ಆ ಹದಿನೈದು ನಿಮಿಷ ಇಲ್ಲೂ ತಪ್ಪಲಿಲ್ಲ, ಮುಂದಕ್ಕೆ ಹೋಯಿತು ಅಷ್ಟೆ. ಎರಡನೇ ಆತಂಕ ಕಣ್ಣಿಗೆ ಕಾಣದಿರುವುದು. ಮೂರು ತಿಂಗಳ ಮರಿಯನ್ನು ಬೋನಿನಲ್ಲಿಟ್ಟು, ಬೆದರಿಸಿ ಕಲಿಸಿದರೂ ನಿಮಗೆ ತಲುಪುವುದು ಸಂಗೀತ ಹಾಕಿದ ಅರ್ಧ ನಿಮಿಷದ ವಿಡಿಯೋ. 'ಎಷ್ಟು ಸೈಲೆಂಟ್ ಆಗಿಬಿಟ್ಟಿದೆ ನೋಡಿ' ಅಂತ ಖುಷಿಪಡುವ ನಾಯಿ ಎಷ್ಟೋ ಸಲ ಕಲಿತಿರುವುದಿಲ್ಲ, ಹೆದರಿರುತ್ತದೆ. ಬಾಲ ಹೊಟ್ಟೆಗೆ ಸೇರಿಸಿಕೊಂಡು, ತುಟಿ ನೆಕ್ಕುತ್ತಾ, ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಕೂತಿದ್ದರೆ ಅದು ಶಿಸ್ತಲ್ಲ.

ಅನಿವಾರ್ಯವಾದರೆ? ದೊಡ್ಡ ಆಪರೇಷನ್, ಬಾಣಂತನ, ಬಿಡಲಾಗದ ಪ್ರಯಾಣ, ಹೀಗೆ ಹೇಗೂ ನಾಯಿಯನ್ನು ಎಲ್ಲಾದರೂ ಬಿಡಲೇಬೇಕಾದಾಗ, ತರಬೇತಿ ಇರುವ ಬೋರ್ಡಿಂಗ್ ಆಗಬಹುದು. ಮುಂಚೆ ಹೇಳದೆ ಒಮ್ಮೆ ಹೋಗಿ ಜಾಗ ನೋಡಿ. ಒಳಗೆ ಬಿಡುವುದಿಲ್ಲ ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ. ಬೇರೆ ನಾಯಿಗಳ ಲಸಿಕೆ ಚೀಟಿ ಕೇಳುತ್ತಾರಾ ಅಂತ ನೋಡಿ. ನಿಮ್ಮದನ್ನು ಕೇಳದವರು ಬೇರೆಯವರದನ್ನೂ ಕೇಳಿರುವುದಿಲ್ಲ. ಕೆನ್ನೆಲ್ ಕೆಮ್ಮು, ಉಣ್ಣೆ ಜ್ವರ (ಟಿಕ್ ಫೀವರ್) ಇಂಥ ಕಡೆಯಿಂದಲೇ ಹೊತ್ತು ಬರುವುದು. ಬಿಡಿಸಿಕೊಂಡು ಬರುವಾಗ ನಿಮಗೆ ಕಡಿಮೆಯೆಂದರೆ ಮೂರು ಪಾಠ ಹೇಳಿಕೊಡಬೇಕು ಎನ್ನುವುದನ್ನು ದುಡ್ಡು ಕಟ್ಟುವ ಮುಂಚೆ ಬರೆಸಿಕೊಳ್ಳಿ. ಐದು ತಿಂಗಳೊಳಗಿನ ಮರಿಯನ್ನಂತೂ ನಾನು ಬಿಡಲಾರೆ.

ಗುಂಪಿನ ಪಾಠದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಡೆಸುವವರು ಒಳ್ಳೆಯವರಿದ್ದು, ನಾಯಿಗಳ ಸಂಖ್ಯೆ ಕಡಿಮೆಯಿದ್ದರೆ ಇದು ದುಡ್ಡಿಗೆ ಮೋಸವಿಲ್ಲದ ಆಯ್ಕೆ: ಕಲಿಯುವವರು ನೀವು, ನಾಯಿಗೆ ಬೇರೆ ನಾಯಿಗಳ ನಡುವೆ ಗಮನ ಇಡುವ ಅಭ್ಯಾಸ. ಹೊರದೇಶದ ಕನ್ನಡಿಗರಿಗೆ ಇದು ಹತ್ತಿರದ ಪೆಟ್ ಅಂಗಡಿಯಲ್ಲೇ ಸಿಗುತ್ತದೆ. ಇಲ್ಲಿ ದೊಡ್ಡ ನಗರ ಬಿಟ್ಟರೆ ಹುಡುಕಬೇಕು.

ಲಸಿಕೆ ಮುಗಿಯುವವರೆಗೆ ಕಾಯಬೇಕಾ?

ಈ ಪ್ರಶ್ನೆಗೆ ಡಾಕ್ಟರ್ ಒಂದು ಹೇಳುತ್ತಾರೆ, ಟ್ರೇನರ್ ಇನ್ನೊಂದು ಹೇಳುತ್ತಾರೆ, ಇಬ್ಬರ ಮಾತಲ್ಲೂ ಹುರುಳಿದೆ. ಮರಿಯ ಮನಸ್ಸು ಹೊಸದನ್ನು ಹೆದರದೆ ಒಪ್ಪಿಕೊಳ್ಳುವುದು ಸುಮಾರು ಮೂರನೇ ವಾರದಿಂದ ಹನ್ನೆರಡು, ಹದಿನಾಲ್ಕನೇ ವಾರದವರೆಗೆ. ಲಸಿಕೆಯ ಸರಣಿ ಆರರಿಂದ ಎಂಟನೇ ವಾರಕ್ಕೆ ಶುರುವಾಗಿ ಹದಿನಾರನೇ ವಾರದವರೆಗೆ ನಡೆಯುತ್ತದೆ, ಯಾಕೆಂದರೆ ತಾಯಿಯಿಂದ ಬಂದ ರಕ್ಷಣೆ ಇರುವವರೆಗೆ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಅಂದರೆ ಮೈ ಗಟ್ಟಿಯಾಗುವಷ್ಟರಲ್ಲಿ ಮನಸ್ಸಿನ ಬಾಗಿಲು ಅರ್ಧ ಮುಚ್ಚಿರುತ್ತದೆ.

ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಮರಿಗೆ ತಗುಲಿದರೆ ರಕ್ತಭೇದಿ, ಎಷ್ಟೋ ಮರಿಗಳು ಉಳಿಯುವುದಿಲ್ಲ. ಹಾಗಾಗಿ ಪಾರ್ಕಿನ ಹುಲ್ಲಿನ ಮೇಲೆ ಬಿಡುವುದು ಬೇಡ. ಹಾಗಂತ ನಾಲ್ಕು ತಿಂಗಳು ಬಾಲ್ಕನಿಯಲ್ಲೇ ಇಟ್ಟರೆ ಆಟೋ ಸದ್ದಿಗೂ ಮೂಲೆ ಸೇರುವ ನಾಯಿ ಆಗುತ್ತದೆ. ನಡುವಿನ ದಾರಿ ಹೆಗಲ ಮೇಲೆ ಹೊತ್ತು ತಿರುಗುವುದು. ಮಾರ್ಕೆಟ್ಟಿನ ಅಂಚಿಗೆ ಹೋಗಿ ನಿಲ್ಲಿ. ಹೆಲ್ಮೆಟ್ ಹಾಕಿದವರು, ಛತ್ರಿ ಹಿಡಿದವರು, ಗಡ್ಡದವರು, ತಳ್ಳುಗಾಡಿ, ದನ ಎಲ್ಲ ದೂರದಿಂದ ಕಾಣಲಿ, ಕಂಡಾಗಲೆಲ್ಲ ಬಾಯಿಗೊಂದು ಚೂರು. ಲಸಿಕೆ ಆಗಿರುವ ಗೊತ್ತಿರುವ ನಾಯಿಯ ಮನೆಗೆ ಕರೆದುಕೊಂಡು ಹೋಗಿ. ಮನೆಯಲ್ಲಿ ಕುಕ್ಕರ್ ಸೀಟಿ, ಮಿಕ್ಸಿ, ಗಣೇಶನ ಹಬ್ಬದ ತಮಟೆ, ದೀಪಾವಳಿಯ ಪಟಾಕಿ ಸದ್ದುಗಳನ್ನು ಮೊಬೈಲಿನಲ್ಲಿ ಮೊದಲು ತೀರಾ ಮೆಲ್ಲಗೆ ಹಾಕಿ ಊಟ ಕೊಡಿ, ದಿನ ಕಳೆದಂತೆ ಸ್ವಲ್ಪ ಸ್ವಲ್ಪ ಏರಿಸಿ. ಅಕ್ಟೋಬರಿನಲ್ಲಿ ಶುರು ಮಾಡಿದರೆ ಆಯಾ ವರ್ಷದ ದೀಪಾವಳಿಗೆ ಏನೂ ಉಪಯೋಗವಿಲ್ಲ.

ನ್ಯೂಸ್‌ಪೇಪರೋ, ಹೊರಗೋ?

ಕೆಳಮನೆ, ಅಂಗಳ ಇದ್ದರೆ ಮೊದಲ ದಿನದಿಂದಲೇ ಹೊರಗೆ. ಒಂಬತ್ತನೇ ಮಹಡಿಯವರಿಗೆ ಲಿಫ್ಟ್ ಬರುವಷ್ಟರಲ್ಲಿ ಮರಿಗೆ ತಡೆಯಲಾಗುವುದಿಲ್ಲ, ಲಸಿಕೆಯೂ ಮುಗಿದಿರುವುದಿಲ್ಲ, ಆದ್ದರಿಂದ ಬಾಲ್ಕನಿಯಲ್ಲಿ ಪೇಪರ್ ಅಥವಾ ಹುಲ್ಲಿನ ತಟ್ಟೆ. ಪೇಪರಿನ ತೊಂದರೆ ಏನೆಂದರೆ ಮುಂದೆ ಹೊರಗೆ ಕಲಿಸುವಾಗ ಇನ್ನೊಮ್ಮೆ ಪಾಠ ಮಾಡಬೇಕು, ಮತ್ತು ಟೀಪಾಯಿ ಕೆಳಗೆ ಬಿದ್ದ ಭಾನುವಾರದ ಪುರವಣಿಯೂ ಅದಕ್ಕೆ ಶೌಚಾಲಯವೇ. ಹುಲ್ಲಿನ ತಟ್ಟೆಯಿಂದ ಪಾರ್ಕಿನ ಹುಲ್ಲಿಗೆ ದಾಟುವುದು ಸುಲಭ, ದುಡ್ಡಿದ್ದವರು ಅದನ್ನೇ ತನ್ನಿ.

ಎಲ್ಲಿ ಕಲಿಸಿದರೂ ಹೊತ್ತು ಒಂದೇ: ನಿದ್ದೆಯಿಂದೆದ್ದ ತಕ್ಷಣ, ಊಟವಾದ ಸ್ವಲ್ಪ ಹೊತ್ತಿಗೆ, ಆಟದ ನಂತರ. ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಕೂಡಿಸಿದಷ್ಟು ಗಂಟೆ ಹಗಲಲ್ಲಿ ತಡೆದುಕೊಳ್ಳಬಲ್ಲದು ಎನ್ನುವುದು ರೂಢಿಯ ಲೆಕ್ಕ, ಅದೂ ಹೆಚ್ಚೆಂದರೆ. ಒಳಗೆ ಆದ ಉಚ್ಚೆಗೆ ಮೂಗು ಉಜ್ಜುವುದರಿಂದ ಮರಿ ನಿಮಗೆ ಕಾಣದಂತೆ ಮಂಚದ ಕೆಳಗೆ ಮಾಡುವುದನ್ನು ಕಲಿಯುತ್ತದೆ. ಫಿನಾಯಿಲ್ ನಿಮ್ಮ ಮೂಗಿಗೆ ಮಾತ್ರ ವಾಸನೆ ಮುಚ್ಚುತ್ತದೆ, ಪಾದ ನೆಕ್ಕುವ ಮರಿಗೆ ಒಳ್ಳೆಯದೂ ಅಲ್ಲ. ಎಂಜೈಮ್ ಇರುವ ಕ್ಲೀನರ್ ಸಿಕ್ಕರೆ ಬಳಸಿ, ಇಲ್ಲದಿದ್ದರೆ ವಿನೆಗರ್ ಬೆರೆಸಿದ ನೀರು.

ಕುತ್ತಿಗೆ ಪಟ್ಟಿಯೋ, ಹಾರ್ನೆಸ್ಸೋ ಎನ್ನುವುದಕ್ಕೆ ಚಿಕ್ಕ ಉತ್ತರ: ಹೆಸರು, ಫೋನ್ ನಂಬರಿನ ಬಿಲ್ಲೆಗೆ ಪಟ್ಟಿ, ನಡೆದಾಡಲು ಹಾರ್ನೆಸ್. ಪಗ್, ಶಿಟ್ಸು, ಪಮೇರಿಯನ್ ಥರದ ಚಿಕ್ಕ ತಳಿಗಳ ಶ್ವಾಸನಾಳಕ್ಕೆ ಪಟ್ಟಿಯ ಎಳೆತ ಹಾನಿ. ಎಳೆಯುವ ದೊಡ್ಡ ನಾಯಿಗೆ ಎದೆಯ ಮುಂದೆ ಕೊಂಡಿ ಇರುವ ಹಾರ್ನೆಸ್ ಕೊಳ್ಳಿ. ಬೆನ್ನಿನ ಮೇಲೆ ಮಾತ್ರ ಕೊಂಡಿ ಇರುವುದು ಎಳೆಯಲು ಇನ್ನೂ ಅನುಕೂಲವೇ ಮಾಡಿಕೊಡುತ್ತದೆ.

ಯಾವ ನಾಯಿಗೆ ಯಾವ ದಾರಿ

ಲ್ಯಾಬ್ರಡಾರ್ ಆದರೆ ನೀವೇ ಕಲಿಸಿ, ತಿನಿಸಿಗೆ ಏನು ಬೇಕಾದರೂ ಮಾಡುತ್ತದೆ. ಕೇಂಬ್ರಿಡ್ಜಿನ ಸಂಶೋಧಕರು 2016ರಲ್ಲಿ ತೋರಿಸಿದಂತೆ ಸುಮಾರು ಕಾಲುಭಾಗ ಲ್ಯಾಬ್ರಡಾರ್‌ಗಳಲ್ಲಿ ಹೊಟ್ಟೆ ತುಂಬಿತು ಅನ್ನುವ ಸೂಚನೆಗೆ ಸಂಬಂಧಿಸಿದ ಜೀನಿನ ಒಂದು ಭಾಗವೇ ಇಲ್ಲ. ಕಲಿಸುವುದು ಸುಲಭ, ದಪ್ಪ ಆಗುವುದು ಇನ್ನೂ ಸುಲಭ.

ಮುಧೋಳ ಬೇರೆ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ, ಬಾಗಲಕೋಟೆ ಜಿಲ್ಲೆಯ ಈ ಹೆಮ್ಮೆಯ ತಳಿ ಕಣ್ಣಿನಿಂದ ಬೇಟೆ ಹಿಡಿಯುವ ನಾಯಿ. ಮೊಲವೋ ಬೆಕ್ಕೋ ಓಡಿದ್ದು ಕಂಡರೆ ನಿಮ್ಮ 'ಬಾ' ಅದರ ಕಿವಿಗೆ ಬೀಳುವಷ್ಟರಲ್ಲಿ ಹೊಲ ದಾಟಿರುತ್ತದೆ. ಅದಕ್ಕೆ ಬೇಕಾದ್ದು ಓಟಕ್ಕೆ ಬೇಲಿಯಿರುವ ಜಾಗ ಮತ್ತು ಮೆಲುದನಿಯ ಪಾಠ. ಗದರಿದರೆ ಮುಖ ತಿರುಗಿಸಿ ದೂರ ಹೋಗಿ ಕೂರುತ್ತದೆ. ಬೋರ್ಡಿಂಗಿನ ಒರಟು ಪದ್ಧತಿಗೆ ಕೊಡಲೇಬಾರದ ತಳಿ ಇದು. ಎರಡು ಕೋಣೆಯ ಫ್ಲಾಟಿಗೂ ತರಬಾರದು ಎನ್ನುವುದು ನನ್ನ ನಿಲುವು. ಹಸ್ಕಿಯನ್ನು ಬೆಂಗಳೂರಿಗೋ ಬಳ್ಳಾರಿಗೋ ತರುವವರ ಬಗ್ಗೆ ಇಲ್ಲಿ ಮಾತು ಬೇಡ, ಜಗಳವಾದೀತು.

ಬೀದಿಯಿಂದ ತಂದ ನಾಯಿ ಬುದ್ಧಿಯಲ್ಲಿ ಯಾವುದಕ್ಕೂ ಕಮ್ಮಿಯಿಲ್ಲ. ಬೆಳೆದ ನಾಯಿಯಾದರೆ ಅದರ ಕಷ್ಟ ಬೇರೆ: ಪಟ್ಟಿ, ಮೆಟ್ಟಿಲು, ಮುಚ್ಚಿದ ಬಾಗಿಲು, ಲಿಫ್ಟು ಯಾವುದೂ ಗೊತ್ತಿಲ್ಲ. ಮೊದಲ ಕೆಲವು ವಾರ ಏನೂ ಕಲಿಸಬೇಡಿ. ಊಟ, ಮಲಗುವ ಮೂಲೆ, ನಡೆದಾಟದ ಹೊತ್ತು ಒಂದೇ ಆಗಿರಲಿ. ಆಮೇಲೆ ನಿಮಗೆ ಕಲಿಸುವ ಬಗೆಯ ಟ್ರೇನರನ್ನು ಒಮ್ಮೆ ಕರೆಸಿ. ಇಲ್ಲಿ ಅನುಭವಿಗಳ ಕಣ್ಣಿಗೆ ನಿಜವಾಗಿ ಬೆಲೆಯಿದೆ, ಭಯಕ್ಕೂ ಹಟಕ್ಕೂ ವ್ಯತ್ಯಾಸ ಅವರಿಗೆ ಬೇಗ ಕಾಣುತ್ತದೆ.

ಕೊನೆಯದಾಗಿ, ಈ ಮೂರು ದಾರಿಯೂ ಹೊಂದದ ಸಂದರ್ಭ ಒಂದಿದೆ. ಸುಮ್ಮನಿದ್ದ ನಾಯಿ ಇದ್ದಕ್ಕಿದ್ದಂತೆ ಮುಟ್ಟಿದರೆ ಗುರ್ ಅನ್ನಲು ಶುರು ಮಾಡಿದರೆ, ಮನೆಯೊಳಗೆ ಉಚ್ಚೆ ಮಾಡದ್ದು ಮತ್ತೆ ಮಾಡತೊಡಗಿದರೆ ಟ್ರೇನರ್ ನಂಬರು ಹುಡುಕಬೇಡಿ. ಕಿವಿ ಕೀವು, ಸೊಂಟದ ನೋವು, ಮೂತ್ರದ ಸೋಂಕು, ಉಣ್ಣೆ ಜ್ವರ, ಹಲ್ಲು ನೋವು ಎಲ್ಲವೂ ಹೊರಗೆ ಕಾಣುವುದು 'ಕೆಟ್ಟ ಬುದ್ಧಿ'ಯಾಗಿ. ಮೊದಲು ಪಶುವೈದ್ಯರು, ಬೇಕಾದರೆ ರಕ್ತ ಪರೀಕ್ಷೆ. ಎಲ್ಲ ಸರಿಯಿದೆ ಎಂದಾದರೆ ನಾಯಿಯ ವರ್ತನೆಯನ್ನೇ ಓದಿದವರನ್ನು ವಿಚಾರಿಸಿ. ನಾಲ್ಕರಿಂದ ಆರು ತಿಂಗಳ ನಡುವಿನ ಮರಿ ಸಿಕ್ಕಿದ್ದೆಲ್ಲ ಕಚ್ಚುತ್ತಿದೆ ಎನ್ನುವುದಕ್ಕೆ ಮಾತ್ರ ಯಾರೂ ಬೇಡ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ಕಾಲ ಅದು. ಒದ್ದೆ ಬಟ್ಟೆಯನ್ನು ಹೊಸೆದು ಫ್ರೀಜರಿನಲ್ಲಿಟ್ಟು ಕೊಡಿ, ಚಪ್ಪಲಿ ಸ್ಟ್ಯಾಂಡಿಗೆ ಬಾಗಿಲು ಹಾಕಿಸಿ.